ವಿಲ್ಲೋ ಗಿಡ ಸೊರಗಿದಾಗ: ಎಲೆ ನೋಡಿ, ಬುಡ ಅಗೆದು ದೋಷ ಹುಡುಕುವ ಬಗೆ

ವಿಲ್ಲೋ ನೀರಿನ ದಂಡೆಯ ಗಿಡ. ನರ್ಸರಿಗಳಲ್ಲಿ ‘ವೀಪಿಂಗ್ ವಿಲ್ಲೋ’ ಎಂದು ಮಾರುವ, ಟೊಂಗೆ ಜೋತುಬೀಳುವ ಸ್ಯಾಲಿಕ್ಸ್ ಬ್ಯಾಬಿಲೋನಿಕಾ ಚೀನಾ ಮೂಲದ್ದು. ನಮ್ಮದೇ ನೆಲದ ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ ಪಶ್ಚಿಮ ಘಟ್ಟದ ಹಳ್ಳ-ಹೊಳೆಗಳ ಅಂಚಿನಲ್ಲಿ ತಾನಾಗಿಯೇ ಬೆಳೆಯುತ್ತದೆ. ಎರಡಕ್ಕೂ ಬೇಕಾದದ್ದು ಒಂದೇ: ಬೇರಿಗೆ ಸಿಹಿನೀರು, ಅದೂ ನಿಂತು ಕೊಳೆಯದ ನೀರು.

ಖಾನಾಪುರ ಮತ್ತು ಬೆಳಗಾವಿ ಶಹರದ ಕೆಂಪು ಮಣ್ಣಿನಲ್ಲಿ ಈ ಗಿಡ ಸ್ವಲ್ಪ ಆರೈಕೆಗೇ ಒಲಿಯುತ್ತದೆ. ಗೋಕಾಕ ದಾಟಿ ಪೂರ್ವಕ್ಕೆ ಬಂದಂತೆ ಲೆಕ್ಕ ಬದಲಾಗುತ್ತದೆ. ಅಥಣಿ, ಜಮಖಂಡಿ, ಬಾಗಲಕೋಟೆ, ವಿಜಯಪುರದಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ನೆಲ ಎರಿ, ಅಂದರೆ ಜಿಗುಟು ಕಪ್ಪು ಮಣ್ಣು, ಬೋರಿನ ನೀರು ಬಹಳ ಕಡೆ ಸವಳು, ಅಂದರೆ ಉಪ್ಪು. ಹಾಗಾಗಿ ಈ ಭಾಗದಲ್ಲಿ ಎಲೆಯ ಮೇಲೆ ಕಾಣುವ ದೋಷದ ಮೂಲ ಬಹುಪಾಲು ಮಣ್ಣು-ನೀರಿನಲ್ಲೇ ಇರುತ್ತದೆ. ಹುಳ, ಬೂಷ್ಟು ಎಲ್ಲ ಸೊರಗಿದ ಗಿಡಕ್ಕೆ ಆಮೇಲೆ ಬರುವಂಥವು. ಔಷಧ ಅಂಗಡಿಗೆ ಹೋಗುವ ಮೊದಲು ಕುರಪಿ ಹಿಡಿಯಬೇಕು ಎನ್ನುವುದು ಇದಕ್ಕೇ.

ಮೊದಲ ಹತ್ತು ನಿಮಿಷ

ಕೈಯಲ್ಲಿ ಇರಬೇಕಾದದ್ದು: ಕುರಪಿ, ಒಂದು ಅಡಿ ಉದ್ದದ ಕಬ್ಬಿಣದ ಸಳಿ ಅಥವಾ ಉದ್ದ ಸ್ಕ್ರೂಡ್ರೈವರ್, ಹರಿತವಾದ ಚಾಕು, ಒಂದು ಬಕೀಟು ನೀರು. ಇನ್ನೂರು-ಮುನ್ನೂರು ರೂಪಾಯಿಗೆ ಸಿಗುವ, ನೀರಿನಲ್ಲಿ ಕರಗಿದ ಉಪ್ಪು ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಆರ್‌ಓ ಯಂತ್ರ ರಿಪೇರಿಗೆ ಬರುವವರ ಹತ್ತಿರ ಅದು ಇದ್ದೇ ಇರುತ್ತದೆ, ಕೇಳಿದರೆ ನೋಡಿ ಹೇಳುತ್ತಾರೆ.

ಮೊದಲು ಅದು ವಿಲ್ಲೋ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಿ. ಜೋತುಬೀಳುವ ಜಾತಿಯ ಬಾಟಲ್ ಬ್ರಶ್ ಗಿಡವನ್ನೇ ವಿಲ್ಲೋ ಎಂದು ಕೊಟ್ಟು ಕಳಿಸುವುದುಂಟು. ಎಲೆ ಹಿಸುಕಿ ಮೂಸಿ ನೋಡಿ. ನೀಲಗಿರಿಯಂಥ ಘಾಟು ಬಂದರೆ ಅದು ಬಾಟಲ್ ಬ್ರಶ್. ಅದರ ಆರೈಕೆಯೇ ಬೇರೆ. ವಿಲ್ಲೋ ಎಲೆಗೆ ಅಂಥ ವಾಸನೆ ಇಲ್ಲ. ಎಲೆ ಕಿರಿದು, ಉದ್ದ, ಅಂಚಿನಲ್ಲಿ ಸಣ್ಣ ಹಲ್ಲು, ಕೆಳಮೈ ತುಸು ಬೂದಿಬಣ್ಣ. ಇಷ್ಟಾಗಿಯೂ ಅನುಮಾನ ಉಳಿದರೆ ಪೆನ್ಸಿಲ್ ದಪ್ಪದ ಒಂದು ತುಂಡು ಕತ್ತರಿಸಿ ನೀರಿನ ಬಾಟಲಿಯಲ್ಲಿ ನೆರಳಿಗಿಡಿ. ಎರಡು-ಮೂರು ವಾರದಲ್ಲಿ ಬಿಳಿ ಬೇರು ಬಿಟ್ಟರೆ ವಿಲ್ಲೋ ಎಂದೇ ತಿಳಿಯಬಹುದು. ಬಾಟಲ್ ಬ್ರಶ್ ಹಾಗೆ ಸಲೀಸಾಗಿ ಬೇರು ಬಿಡುವುದಿಲ್ಲ.

ಆಮೇಲೆ ಸಳಿಯನ್ನು ಬೊಡ್ಡೆಯಿಂದ ಎರಡು ಅಡಿ ದೂರದಲ್ಲಿ ನೆಲಕ್ಕೆ ಒತ್ತಿ. ಒಂದು ಗೇಣು ಸರಾಗ ಇಳಿದರೆ ಒಳಗೆ ಹಸಿ ಇದೆ. ಎರಡು ಬೆರಳು ಇಳಿದು ನಿಂತರೆ ಒಣಗಿದೆ. ಇಳಿದ ಸಳಿ ಹೊರಬರುವಾಗ ಜಿಗುಟು ಮಣ್ಣು ಮೆತ್ತಿ, ಮೋರಿಯ ನಾತ ಬಂದರೆ ನೀರು ಹೆಚ್ಚಾಗಿದೆ. ಕೆಳಗಿನ ಪ್ರತಿಯೊಂದು ಲಕ್ಷಣಕ್ಕೂ ಈ ಒಂದು ಪರೀಕ್ಷೆಯ ಉತ್ತರ ಬೇಕಾಗುತ್ತದೆ.

“ಎಲಿ ಎಲ್ಲಾ ಉದುರಿ ಗಿಡಾ ಬೋಳಾಗೇತಿ”

ಯಾವ ತಿಂಗಳು ಎಂಬುದೇ ಇಲ್ಲಿ ಮುಖ್ಯ. ದೀಪಾವಳಿ ಕಳೆದು ಸಂಕ್ರಾಂತಿಯೊಳಗೆ ಎಲೆ ಹಳದಿಯಾಗಿ ಉದುರಿದರೆ ಅದು ರೋಗವಲ್ಲ. ಎಲೆ ಕಳಚುವುದು ವಿಲ್ಲೋದ ಜಾಯಮಾನ. ನಮ್ಮ ಚಳಿ ಕಡಿಮೆ ಇರುವುದರಿಂದ ಕೆಲವು ಗಿಡ ಅರ್ಧ ಮಾತ್ರ ಉದುರಿಸುತ್ತವೆ, ಒಂದು ಬದಿ ಬೋಳು, ಒಂದು ಬದಿ ಹಸಿರು ಇರುವುದೂ ಉಂಟು. ಉಗುರಿನಿಂದ ಎಳೆ ಟೊಂಗೆಯ ತೊಗಟೆ ಕೆರೆದು ನೋಡಿ. ಕೆಳಗೆ ಹಸಿರು ಪದರ ಇದ್ದರೆ ಗಿಡ ಜೀವಂತ. ಶಿವರಾತ್ರಿ ಹೊತ್ತಿಗೆ ಚಿಗುರುತ್ತದೆ. ಈ ಅವಧಿಯಲ್ಲಿ ನೀರು ಮೂರನೇ ಒಂದು ಪಾಲಿಗೆ ಇಳಿಸಿ, ಗೊಬ್ಬರ ಹಾಕಬೇಡಿ.

ಏಪ್ರಿಲ್‌ನಲ್ಲೋ ಆಗಸ್ಟ್‌ನಲ್ಲೋ ಬೋಳಾದರೆ ಅದು ಸಹಜವಲ್ಲ. ಬೇಸಿಗೆಯಲ್ಲಾದರೆ ನೀರು ಸಾಲದೆ ಗಿಡ ತಾನೇ ಎಲೆ ಕಳಚಿಕೊಂಡಿದೆ. ಮುಂದಿನ ಭಾಗ ಓದಿ. ಮಳೆಗಾಲದಲ್ಲಾದರೆ ಬೇರು ಉಸಿರುಗಟ್ಟಿದೆ ಅಥವಾ ಎಲೆಗೆ ರೋಗ ಬಂದಿದೆ. ತುದಿಯಿಂದ ಬುಡದವರೆಗೆ ನಾಲ್ಕು ಕಡೆ ಕೆರೆದರೂ ಕಂದು ಬಣ್ಣವೇ ಕಂಡರೆ ಆ ಟೊಂಗೆ ಸತ್ತಿದೆ. ಬೊಡ್ಡೆಯಲ್ಲೂ ಕಂದು ಕಂಡರೆ ಗಿಡದ ಆಸೆ ಬಿಡಬೇಕು.

“ಎಲಿ ಅಂಚು ಸುಟ್ಟಂಗ ಆಗ್ಯಾವ”

ಬಾಗಲಕೋಟೆ, ವಿಜಯಪುರ ಕಡೆ ಅತಿ ಹೆಚ್ಚು ಕಾಣುವ ದೂರು ಇದು. ಕಾರಣ ಮೂರು ಇರಬಹುದು: ನೀರು ಸಾಲದ್ದು, ನೀರಿನಲ್ಲಿ ಉಪ್ಪು, ಬಿಸಿಗಾಳಿ. ಮೂರಕ್ಕೂ ಎಲೆಯಂಚು ಕಂದಾಗುತ್ತದೆ, ಆದರೆ ಕಂದಾಗುವ ರೀತಿ ಬೇರೆ ಬೇರೆ.

ಪಶ್ಚಿಮಕ್ಕೆ ಮುಖ ಮಾಡಿದ ಎಲೆ ಮಾತ್ರ ಸುಟ್ಟಿದ್ದು ಮಿಕ್ಕವು ಚೆನ್ನಾಗಿದ್ದರೆ ಅದು ಬಿಸಿಲು-ಗಾಳಿಯ ಕೆಲಸ. ಕಾಂಪೌಂಡಿನ ಬಿಳಿ ಗೋಡೆಯೋ ತಗಡಿನ ಶೆಡ್ಡೋ ಎದುರಿಗಿದ್ದು ಝಳ ಹೊಡೆಯುತ್ತಿರಬಹುದು. ಎಳೆ ಗಿಡಕ್ಕೆ ಮಾರ್ಚ್‌ನಿಂದ ಮೇ ಕೊನೆವರೆಗೆ ಪಶ್ಚಿಮ ಬದಿಗೆ ಹಸಿರು ನೆರಳುಬಲೆ ಕಟ್ಟಿದರೆ ಸಾಕು.

ಸಂಜೆ ಎಲೆ ಬಾಡಿ, ಬೆಳಿಗ್ಗೆ ಮತ್ತೆ ನೆಟ್ಟಗಾಗುತ್ತಿದ್ದರೆ ನೀರು ಕಡಿಮೆಯಾಗುತ್ತಿದೆ. ಬೆಳಿಗ್ಗೆ ಏಳಕ್ಕೂ ಎಲೆ ಜೋತಿದ್ದರೆ ತಡವಾಗುತ್ತಿದೆ, ಅಂದೇ ನೀರು ಕೊಡಿ. ಎಷ್ಟು ಕೊಡಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಟೊಂಗೆಗಳ ಹರವು ಅಡ್ಡ 3 ಮೀಟರ್ ಇದ್ದರೆ ಅದು ಸುಮಾರು 7 ಚದರ ಮೀಟರ್ ನೆಲ. ಕಡು ಬೇಸಿಗೆಯಲ್ಲಿ ಆ ನೆಲದ ಮೇಲಿನ ಹಸಿರು ದಿನಕ್ಕೆ 6ರಿಂದ 7 ಮಿಲಿಮೀಟರ್ ನೀರು ಆವಿ ಮಾಡುತ್ತದೆ. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್. ಹಾಗಾಗಿ ದಿನಕ್ಕೆ 40ರಿಂದ 50 ಲೀಟರ್, ವಾರಕ್ಕೆ ಮುನ್ನೂರಕ್ಕೂ ಮೇಲೆ. ದಿನಾ ಒಂದು ಬಕೀಟು ಹೊಯ್ದು ‘ನೀರು ಹಾಕುತ್ತಲೇ ಇದ್ದೇವಲ್ಲ’ ಎನ್ನುವವರ ಗಿಡ ಒಣಗುವುದು ಇಲ್ಲಿಯೇ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಮನೆಗೆ ಈ ಗಿಡ ಹೊರೆಯೇ ಸರಿ. ನೆಡುವ ಮೊದಲೇ ಇದನ್ನು ಯೋಚಿಸಬೇಕಿತ್ತು.

ಕೊಡುವ ರೀತಿಯೂ ಮುಖ್ಯ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಎರಡು ದಿನಕ್ಕೊಮ್ಮೆ ಕೊಡಿ. ಎರಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಆದರೆ ಒಮ್ಮೆಗೆ ತುಂಬಾ. ಎರಿ ಬಿರುಕು ಬಿಟ್ಟಿದ್ದಾಗ ಪೈಪು ಹಚ್ಚಿದರೆ ನೀರು ಬಿರುಕಿನಲ್ಲಿ ಸೀದಾ ಇಳಿದು ಮಾಯವಾಗುತ್ತದೆ, ಬೇರಿನ ಸುತ್ತಲಿನ ಹೆಂಟೆ ಒಣಗಿಯೇ ಇರುತ್ತದೆ. ಮೊದಲು ಕುರಪಿಯಿಂದ ಮೇಲ್ಮಣ್ಣು ಸಡಿಲಿಸಿ ಬಿರುಕು ಮುಚ್ಚಿ, ಆಮೇಲೆ ಸಣ್ಣ ಧಾರೆಯಲ್ಲಿ ಗಂಟೆಗಟ್ಟಲೆ ಬಿಡಿ. ನೀರು ಹೋಗಬೇಕಾದ್ದು ಬೊಡ್ಡೆಗಲ್ಲ, ಟೊಂಗೆಯ ತುದಿಯ ನೇರಕ್ಕೆ ಕೆಳಗಿನ ಸುತ್ತಿಗೆ. ಮೇಲೆ ಕಬ್ಬಿನ ರವದಿ ಅಥವಾ ಜೋಳದ ಕಣಿಕೆ ನಾಲ್ಕು ಇಂಚು ದಪ್ಪ ಹಾಸಿ. ಬೊಡ್ಡೆಯಿಂದ ಒಂದು ಗೇಣು ಬಿಟ್ಟು ಹಾಸಬೇಕು, ಇಲ್ಲದಿದ್ದರೆ ಒರಲೆ ಅದೇ ದಾರಿಯಲ್ಲಿ ಗಿಡ ಹತ್ತುತ್ತದೆ.

ಮೂರನೆಯದು ಉಪ್ಪು. ನೀರು ಸಾಕಷ್ಟು ಇದ್ದರೂ, ಸಳಿ ಸರಾಗ ಇಳಿದರೂ ಹಳೆಯ ಎಲೆಗಳ ತುದಿ-ಅಂಚು ಕಂದಾಗಿ, ಕಂದಿಗೂ ಹಸಿರಿಗೂ ನಡುವೆ ಗೆರೆ ಎಳೆದಂತೆ ಕಂಡರೆ ಉಪ್ಪಿನ ಮೇಲೆ ಅನುಮಾನ ಇಡಿ. ಮಡಿಯ ಅಂಚಿನಲ್ಲಿ ನೀರು ಆರಿದ ಮೇಲೆ ಬಿಳಿ ಪೊರೆ ಕಟ್ಟುತ್ತದೆಯೇ? ಬೆರಳಿಗೆ ಹಚ್ಚಿದರೆ ಹಿಟ್ಟಿನಂತೆ ಹತ್ತುತ್ತದೆಯೇ? ಹಾಗಿದ್ದರೆ ಸವಳು ಏರಿದೆ. ಘಟಪ್ರಭಾ, ಕೃಷ್ಣಾ ಕಾಲುವೆಯ ಕೆಳಗಿನ ತಗ್ಗು ನೆಲದಲ್ಲಿ ಇದು ಹೊಸದೇನಲ್ಲ.

ನೀರಿನ ಟಿಡಿಎಸ್ ಅಳೆಯಿರಿ. 450ರೊಳಗೆ ಇದ್ದರೆ ನಿಶ್ಚಿಂತೆ. 450ರಿಂದ 2000ದವರೆಗೆ ಮಣ್ಣು ಬಸಿಯುವಂತಿದ್ದರೆ ಮಾತ್ರ ನಡೆದೀತು, ಸಂಖ್ಯೆ ಏರಿದಷ್ಟೂ ಗಿಡ ಕುಗ್ಗುತ್ತದೆ. 2000 ದಾಟಿದ ನೀರಿನಲ್ಲಿ ವಿಲ್ಲೋ ಬೆಳೆಸುವ ಹಟ ಬೇಡ. ಎರಡು ನೀರು ಮಾತ್ರ ಎಂದಿಗೂ ಹಾಕಬಾರದು. ಒಂದು, ಆರ್‌ಓ ಯಂತ್ರ ಹೊರಹಾಕುವ ನೀರು: ಬೋರಿನ ಉಪ್ಪೆಲ್ಲ ಅದರಲ್ಲೇ ಗಟ್ಟಿಯಾಗಿ ಉಳಿದಿರುತ್ತದೆ. ಎರಡು, ಬಟ್ಟೆ ಒಗೆದ ಸೋಪಿನ ನೀರು. ಬಚ್ಚಲ ನೀರು ಹಾಯುವಲ್ಲಿ ಬಾಳೆ, ಕೆಸು ಬರುವುದನ್ನು ನೋಡಿ ವಿಲ್ಲೋವನ್ನೂ ಅಲ್ಲೇ ನೆಡುವ ರೂಢಿ ಇದೆ. ಸೋಪಿನ ಪುಡಿಯಲ್ಲಿನ ಸೋಡಿಯಂ ಎರಿ ಮಣ್ಣಿನ ಕಣಗಳನ್ನು ಬಿಡಿಸಿ, ಅದು ಮಳೆಗೆ ಕೆಸರು, ಬಿಸಿಲಿಗೆ ಕಲ್ಲು ಆಗುವಂತೆ ಮಾಡುತ್ತದೆ. ಆಮೇಲೆ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ.

ಪರಿಹಾರ ಸುಲಭದಿಂದ ಶುರುವಾಗಲಿ. ಚಾವಣಿಯ ಮಳೆನೀರನ್ನು ಪೈಪಿನಿಂದ ಗಿಡದ ಮಡಿಗೆ ತಿರುಗಿಸಿ. ಒಂದು ಒಳ್ಳೆಯ ಮಳೆಗಾಲವೇ ಉಪ್ಪನ್ನು ತೊಳೆದು ಕೆಳಗೆ ಇಳಿಸುತ್ತದೆ. ಆದರೆ ತೊಳೆದ ನೀರು ಹೊರಹೋಗಲು ದಾರಿ ಇರಬೇಕು, ಇಲ್ಲದಿದ್ದರೆ ಅದೇ ಉಪ್ಪು ಬೇಸಿಗೆಗೆ ಮತ್ತೆ ಮೇಲೇರುತ್ತದೆ. ಜಿಪ್ಸಮ್ ಹಾಕಬೇಕೆ, ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆಯ ಚೀಟಿ ನೋಡಿಯೇ ತೀರ್ಮಾನಿಸಿ. ಸೋಡಿಯಂ ಹೆಚ್ಚಿದ್ದ ಕಡೆ ಅದು ಕೆಲಸ ಮಾಡುತ್ತದೆ, ಬರೀ ಉಪ್ಪಿದ್ದ ಕಡೆ ದುಡ್ಡು ದಂಡ.

“ಎಲಿ ಹಳದಿ, ನರ ಅಷ್ಟ ಹಸರ”

ಯಾವ ಎಲೆ ಮೊದಲು ಹಳದಿಯಾಯಿತು ನೋಡಿ.

ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಬಲೆಯಂತೆ ಉಳಿದಿದ್ದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ಅಂಶ ಹೆಚ್ಚಿರುವ ಎರಿಯಲ್ಲಿ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 8 ದಾಟಿರುತ್ತದೆ, ಕಬ್ಬಿಣ ಕರಗದೆ ಕೂರುತ್ತದೆ. ಒಣ ಮಣ್ಣಿನ ಒಂದು ಚಿಟಿಕೆ ಮೇಲೆ ವಿನೆಗರ್ ನಾಲ್ಕು ಹನಿ ಹಾಕಿ ಕಿವಿಯ ಹತ್ತಿರ ಹಿಡಿಯಿರಿ. ಚುರುಗುಟ್ಟಿ ಗುಳ್ಳೆ ಎದ್ದರೆ ಸುಣ್ಣ ಇದೆ. ಕಕ್ಕಸು ತೊಳೆಯುವ ಆ್ಯಸಿಡ್‌ನಿಂದ ಈ ಪರೀಕ್ಷೆ ಮಾಡಲು ಹೋಗಬೇಡಿ, ಕಣ್ಣಿಗೆ ಸಿಡಿದರೆ ಕಷ್ಟ.

ತಕ್ಷಣದ ಉಪಾಯ: ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಳೆ ಎಲೆಗೆ ಸಿಂಪಡಿಸಿ. ಹತ್ತು-ಹದಿನೈದು ದಿನ ಬಿಟ್ಟು ಇನ್ನೆರಡು ಸಲ. ಅಂದೇ ಕಲೆಸಿ ಅಂದೇ ಮುಗಿಸಿ. ಇಟ್ಟ ದ್ರಾವಣ ಕೆಂಪಾಗಿ ಕೆಲಸಕ್ಕೆ ಬಾರದು. ಗೋಡೆ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಮಣ್ಣಿಗೇ ಹಾಕುವುದಾದರೆ ಅಂಗಡಿಯಲ್ಲಿ ಚೀಲದ ಮೇಲಿನ ಅಕ್ಷರ ಓದಿ: ‘ಇಡಿಟಿಎ’ ರೂಪದ ಕಬ್ಬಿಣ ಇಷ್ಟು ಪಿಎಚ್‌ನಲ್ಲಿ ನಿಲ್ಲುವುದಿಲ್ಲ, ‘ಇಡಿಡಿಎಚ್‌ಎ’ ರೂಪದ್ದು ನಿಲ್ಲುತ್ತದೆ. ಎರಡನೆಯದರ ಬೆಲೆ ಹೆಚ್ಚು, ಆದರೆ ಮೊದಲನೆಯದನ್ನು ಎರಿಗೆ ಸುರಿಯುವುದು ಬರೀ ಖರ್ಚು.

ಕೆಳಗಿನ ಹಳೆಯ ಎಲೆ ನರಸಮೇತ ಏಕವಾಗಿ ತಿಳಿಹಳದಿಯಾದರೆ ಸಾರಜನಕ ಕಡಿಮೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಎರಡು-ಮೂರು ಬುಟ್ಟಿ ಮೃಗಶಿರಾ ಮಳೆ ಹೊತ್ತಿಗೆ ಹಾಕಿದರೆ ತೀರಿತು. ಯೂರಿಯಾ ಸುರಿದರೆ ಚಿಗುರು ಮೃದುವಾಗಿ, ಗಿಡದ ರಸ ಹೀರುವ ಸಸ್ಯಹೇನು ಮುತ್ತುತ್ತದೆ. ಮೇಲೂ ಕೆಳಗೂ ಒಮ್ಮೆಲೇ ಹಳದಿಯಾಗಿದ್ದು ಸಳಿಗೆ ಜಿಗುಟು ಮಣ್ಣು ಮೆತ್ತಿದ್ದರೆ ಗೊಬ್ಬರದ ಮಾತು ಬಿಟ್ಟು ಮುಂದಿನದನ್ನು ನೋಡಿ.

“ನೀರ ಹಾಕಿದ್ರೂ ಬಾಡಾಕತ್ತೇತಿ”

ಮಣ್ಣು ಹಸಿ ಇದ್ದೂ ಗಿಡ ಬಾಡಿದರೆ ಬೇರು ಕೆಲಸ ನಿಲ್ಲಿಸಿದೆ. ವಿಲ್ಲೋ ನೀರಿನ ಗಿಡ ಅಲ್ಲವೇ, ನೀರಿನಲ್ಲಿ ನಿಂತರೇನು ಎಂದು ಕೇಳುವವರಿದ್ದಾರೆ. ಹೊಳೆದಂಡೆಯಲ್ಲಿ ನೀರು ಸರಿಯುತ್ತಿರುತ್ತದೆ, ಅದರಲ್ಲಿ ಗಾಳಿ ಇರುತ್ತದೆ. ಎರಿಯಲ್ಲಿ ತೆಗ್ಗು ತೋಡಿ ಒಳಗೆ ಸಡಿಲ ಗೊಬ್ಬರಮಣ್ಣು ತುಂಬಿದರೆ ಸುತ್ತಲಿನ ಗೋಡೆ ನೀರನ್ನು ಹೊರಬಿಡದು. ಮಳೆಗಾಲವಿಡೀ ಬೇರು ಕೊಳೆನೀರಿನಲ್ಲಿ ನೆನೆಯುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಗಿಡದ ಪಕ್ಕ, ಬೇರಿಗೆ ಪೆಟ್ಟಾಗದ ಕಡೆ, ಒಂದು ಅಡಿ ಆಳದ ಕುಣಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಹೊತ್ತು ನೋಡಿ. ಎರಡನೇ ಸಲದ ನೀರು ಮರುದಿನವೂ ನಿಂತೇ ಇದ್ದರೆ ಬಸಿಯುವಿಕೆ ಇಲ್ಲ. ಆಗ ಇಳಿಜಾರಿನ ಕಡೆಗೆ ಒಂದೂವರೆ ಅಡಿ ಆಳದ ಕಾಲುವೆ ತೆಗೆದು ಗರಸು ತುಂಬಿ ನೀರಿಗೆ ದಾರಿ ಮಾಡಿಕೊಡಿ. ಎಳೆ ಗಿಡವಾದರೆ ಎಲೆ ಉದುರಿದ ಚಳಿಗಾಲದಲ್ಲಿ ಎತ್ತಿ, ಒಂದು-ಒಂದೂವರೆ ಅಡಿ ಎತ್ತರದ ದಿಬ್ಬದ ಮೇಲೆ ಮರುನೆಡುವುದೇ ಮೇಲು.

ನೆಟ್ಟು ಎರಡು ವರ್ಷದೊಳಗಿನ ಗಿಡವಾದರೆ ಇನ್ನೊಂದು ಕಾರಣ ಇರುತ್ತದೆ. ಬುಡದ ಮಣ್ಣು ಕೈಯಿಂದ ಸರಿಸಿ ನೋಡಿ: ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇದೆಯೇ, ಬೇರು ಬೊಡ್ಡೆಗೆ ಸುತ್ತು ಹಾಕಿದೆಯೇ? ಚೀಲ ಸೀಳಿ ತೆಗೆಯಿರಿ. ಬಳಪದಷ್ಟು ತೆಳ್ಳಗಿನ ಸುತ್ತುಬೇರು ಕತ್ತರಿಸಬಹುದು. ಹೆಬ್ಬೆರಳಿಗಿಂತ ದಪ್ಪದ್ದಾದರೆ ಒಂದೇ ಸಲ ಕತ್ತರಿಸದೆ ವರ್ಷಕ್ಕೊಂದರಂತೆ ಬಿಡಿಸಿ.

ಕೂರಲೆಂದು ಗಿಡದ ಸುತ್ತ ಕಟ್ಟೆ ಕಟ್ಟಿ, ಬೊಡ್ಡೆಗೆ ಎರಡಡಿ ಮಣ್ಣು ಏರಿಸಿದ್ದರೂ ಇದೇ ಲಕ್ಷಣ.  ಬಿಗಿ ಮಣ್ಣಿನಲ್ಲಿ ಹೂತುಹೋದ ತೊಗಟೆ ಕೊಳೆಯಬಹುದು. ಬೇರು ಕವಲೊಡೆಯುವ ಉಬ್ಬು ಕಾಣುವವರೆಗೆ ಮಣ್ಣು ತೆಗೆಯಿರಿ.

“ಎಲಿ ಅಂಟಂಟ, ಮಸಿ ಹಿಡದೇತಿ, ಇರಬಿ ಸಾಲು”

ಹೇನು. ಎಲೆಯ ಕೆಳಮೈ ಮತ್ತು ಎಳೆ ತುದಿ ತಿರುಗಿಸಿದರೆ ಕಾಣುತ್ತವೆ. ಅವು ಬಿಡುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಕೆಳಗೆ ನಿಲ್ಲಿಸಿದ ಗಾಡಿಯೂ ಅಂಟಾಗುತ್ತದೆ. ಪೈಪಿನ ಜೋರು ಧಾರೆಯಿಂದ ಬೆಳಿಗ್ಗೆ ತೊಳೆಯಿರಿ, ಮೂರು ದಿನಕ್ಕೊಮ್ಮೆ, ಮೂರು ಸಲ. ಬಗ್ಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಅದು ನೀರಿಗೆ ಬೆರೆಯಲು ಒಂದೆರಡು ಗ್ರಾಂ ಸಾದಾ ಸಾಬೂನು. ಬಿಸಿಲು ಇಳಿದ ಮೇಲೆ ಸಿಂಪಡಿಸಿ, ಇಲ್ಲದಿದ್ದರೆ ಎಣ್ಣೆಗೆ ಎಲೆ ಸುಡುತ್ತದೆ. ಬಾಲದಂಥ ಹೂಗೊಂಚಲು ಬಿಟ್ಟ ದಿನಗಳಲ್ಲಿ ಜೇನು ಬರುತ್ತವೆ. ಆಗ ಯಾವ ಔಷಧವೂ ಬೇಡ. ಗುಲಗಂಜಿ ಹುಳ ಕಂಡರೆ ಕೊಲ್ಲಬೇಡಿ, ಅವು ಹೇನು ತಿನ್ನುತ್ತವೆ.

ಮಳೆಗಾಲದಲ್ಲಿ ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಇದ್ದು ಬೆರಳಿಗೆ ಹತ್ತಿದರೆ ತುಕ್ಕು ರೋಗ. ಬೆಳಗಾವಿ, ಖಾನಾಪುರದ ಜಿಟಿಜಿಟಿ ಮಳೆಯಲ್ಲಿ ಇದಕ್ಕೆ ಅನುಕೂಲ ಹೆಚ್ಚು. ಉದುರಿದ ಎಲೆ ಗುಡಿಸಿ ಸುಟ್ಟು, ಒಳಗಿನ ಒತ್ತು ಟೊಂಗೆ ತೆಗೆದು ಗಾಳಿ ಆಡಿಸಿದರೆ ದೊಡ್ಡ ಗಿಡ ತಾನೇ ಸಂಭಾಳಿಸುತ್ತದೆ. ಎಲೆ ತೂತಾದರೆ ಕಂಬಳಿಹುಳ, ಆರಿಸಿ ತೆಗೆಯಿರಿ, ಬರಿಗೈಯಿಂದ ಮುಟ್ಟಬೇಡಿ.

“ಬೊಡ್ಡ್ಯಾಗ ತೂತ ಬಿದ್ದು ಹುಡಿ ಉದರತೇತಿ”

ಇದನ್ನು ಮುಂದೂಡಬಾರದು. ಮೊದಲು ಒರಲೆಯೋ ಕೊರಕವೋ ತಿಳಿಯಿರಿ. ತೊಗಟೆಯ ಮೇಲೆ ಮಣ್ಣಿನ ತೆಳು ಹೊದಿಕೆ ಇದ್ದರೆ ಒರಲೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು ಕೆಳಗೆ ಒತ್ತಿ ನೋಡಿ. ತೊಗಟೆ ಗಟ್ಟಿ, ಒಳಗೆ ಹಸಿರು ಇದ್ದರೆ ಒರಲೆ ಬರೀ ಒಣ ಸಿಪ್ಪೆ ತಿಂದಿದೆ. ಮಣ್ಣು ಉದುರಿಸಿ, ಬುಡದ ಒಣ ಕಸ ತೆಗೆದು, ನೀರು ಸರಿಯಾಗಿ ಕೊಟ್ಟರೆ ಸಾಕು. ಚಾಕು ಒಳಗೆ ಮೆತ್ತಗೆ ಇಳಿದರೆ ಬೊಡ್ಡೆ ಟೊಳ್ಳಾಗಿದೆ.

ಟೊಂಗೆ ಕವಲೊಡೆಯುವ ಸಂದಿಯಲ್ಲಿ ಹಿಕ್ಕೆ ಮತ್ತು ಮರದ ಚೂರು ಸೇರಿಸಿ ರೇಷ್ಮೆಯಂಥ ಎಳೆಯಿಂದ ನೇಯ್ದ ಕಂದು ಪಟ್ಟಿ ಇದ್ದರೆ ತೊಗಟೆ ತಿನ್ನುವ ಹುಳ. ದಾಳಿಂಬೆ, ಪೇರಲ ತೋಟ ಇದ್ದವರಿಗೆ ಇದು ಪರಿಚಯದ್ದೇ. ಪಟ್ಟಿಯನ್ನು ಕಿತ್ತು ತೆಗೆದರೆ ಅದರ ತುದಿಯಲ್ಲಿ ಒಂದು ತೂತು ಸಿಗುತ್ತದೆ; ಹುಳ ಹಗಲು ಅದರಲ್ಲಿ ಅಡಗಿದ್ದು ರಾತ್ರಿ ಹೊರಬಂದು ತಿನ್ನುತ್ತದೆ. ಸೈಕಲ್ಲಿನ ಕಡ್ಡಿಯ ತುದಿ ತುಸು ಬಾಗಿಸಿ ಒಳಗೆ ತೂರಿಸಿ ತಿರುವಿ. ಹುಳ ಸತ್ತರೆ ಕಡ್ಡಿಯ ತುದಿ ಒದ್ದೆಯಾಗಿ ಬರುತ್ತದೆ. ಕಡ್ಡಿ ಮುಟ್ಟದಷ್ಟು ಆಳವಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಮೇಲೆ ಹಸಿ ಮಣ್ಣು ಮೆತ್ತಿ. ಹತ್ತಿರ ಬೀಡಿ, ಒಲೆ, ದೀಪ ಇರಬಾರದು. ವಾರದ ನಂತರ ನೋಡಿ, ಹೊಸ ಹುಡಿ ಇಲ್ಲದಿದ್ದರೆ ಕೆಲಸ ಆಯಿತು.

ಬೆರಳು ಹೋಗುವಷ್ಟು ದೊಡ್ಡ ತೂತು, ಕೆಳಗೆ ನಾರುನಾರಾದ ಚೂರು, ಒಂದಕ್ಕಿಂತ ಹೆಚ್ಚು ಕಡೆ ರಸ ಸೋರಿಕೆ ಇದ್ದರೆ ಮನೆಮದ್ದು ನಿಲ್ಲಿಸಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಅರಭಾವಿಯ ತೋಟಗಾರಿಕೆ ಕಾಲೇಜು, ವಿಜಯಪುರ ಹತ್ತಿರದ ಹಿಟ್ನಳ್ಳಿ ಕೃಷಿ ಕಾಲೇಜು, ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ: ಹತ್ತಿರ ಯಾವುದೋ ಅಲ್ಲಿಗೆ ಹೋಗಿ. ತೂತಿನ ಫೋಟೊ, ಕೆಳಗೆ ಬಿದ್ದ ಹುಡಿ, ಸಿಕ್ಕರೆ ಹುಳವನ್ನೇ ಡಬ್ಬಿಯಲ್ಲಿ ಒಯ್ಯಿರಿ. ಬರೀ ಎಲೆ ಒಯ್ದರೆ ಯಾರೂ ಏನೂ ಹೇಳಲಾರರು.

“ತೊಗಟಿ ಸೀಳಿ ಕಪ್ಪ ಆಗೇತಿ”

ಸೀಳು ನೈಋತ್ಯ ಅಥವಾ ಪಶ್ಚಿಮ ಬದಿಗೆ ಮಾತ್ರ ಇದ್ದು ಒಣಗಿದ್ದರೆ ಬಿಸಿಲಿನ ಏಟು. ಯುಗಾದಿಗೆ ಮುಂಚೆ ಬೊಡ್ಡೆಗೆ ನಾಲ್ಕಡಿ ಎತ್ತರದವರೆಗೆ ತೆಳು ಸುಣ್ಣ ಬಳಿಯಿರಿ. ಟೊಂಗೆಯ ಮೇಲೆ ತಗ್ಗಿದ ಕಪ್ಪು ಮಚ್ಚೆ ಹರಡುತ್ತ ಅದರಿಂದ ಮೇಲಿನ ಭಾಗ ಒಣಗುತ್ತಿದ್ದರೆ ಶಿಲೀಂಧ್ರ. ಕಪ್ಪು ಮುಗಿದಲ್ಲಿಂದ ಅರ್ಧ ಅಡಿ ಕೆಳಗೆ, ಕತ್ತರಿಸಿದ ಮೈ ಪೂರ್ತಿ ಬೆಳ್ಳಗೆ ಕಾಣುವಲ್ಲಿ ತೆಗೆಯಿರಿ. ಪ್ರತಿ ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬಹುದು: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ ಆಮೇಲೆ ಕೂಡಿಸಿ. ಕಬ್ಬಿಣದ ಬಕೀಟು ಬೇಡ. ಕೈಗವಸು ಹಾಕಿಕೊಳ್ಳಿ, ದನಕರು, ಮಕ್ಕಳಿಂದ ದೂರ ಇಡಿ.

“ಗಾಳಿಗೆ ಟೊಂಗಿ ಮುರದಾವ”

ವಿಲ್ಲೋ ಬೇಗ ಬೆಳೆಯುತ್ತದೆ, ಅದಕ್ಕೇ ಮರ ಮೆದು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗಾಳಿಗೆ ಮೊದಲು ಮುರಿಯುವ ಗಿಡಗಳಲ್ಲಿ ಇದೂ ಒಂದು. ಸವರುವುದಿದ್ದರೆ ಎಲೆ ಉದುರಿದ ಜನವರಿಯಲ್ಲಿ ಸವರಿ. ಭಾರದ ಟೊಂಗೆಯನ್ನು ಒಂದೇ ಕಡಿತಕ್ಕೆ ತೆಗೆದರೆ ಬೀಳುವಾಗ ಬೊಡ್ಡೆಯ ತೊಗಟೆಯನ್ನು ಸೀಳಿಕೊಂಡೇ ಬೀಳುತ್ತದೆ. ಬೊಡ್ಡೆಯಿಂದ ಒಂದು ಅಡಿ ಆಚೆ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ, ಅದಕ್ಕೂ ಎರಡು ಬೆರಳು ಆಚೆ ಮೇಲಿನಿಂದ ಪೂರ್ತಿ ಕೊಯ್ದು ಬೀಳಿಸಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ ತೆಗೆಯಿರಿ.

ಕರೆಂಟಿನ ತಂತಿಯ ಹತ್ತಿರ ಇರುವ ಟೊಂಗೆಗೆ ಕೈ ಹಾಕಬೇಡಿ. ಹಸಿ ಟೊಂಗೆ ವಿದ್ಯುತ್ ಹರಿಸುತ್ತದೆ. ಹೆಸ್ಕಾಂಗೆ 1912ಕ್ಕೆ ಕರೆ ಮಾಡಿ ಲೈನ್ ಬಂದ್ ಮಾಡಿಸಿಯೇ ಕೆಲಸ. ಬೊಡ್ಡೆ ವಾಲಿ, ಎದುರು ಬದಿಯ ನೆಲ ಎದ್ದು ಬಿರುಕು ಬಿಟ್ಟಿದ್ದರೆ ಬೇರು ಕಿತ್ತಿದೆ ಎಂದರ್ಥ; ಗಿಡದ ಕೆಳಗೆ ಯಾರೂ ನಿಲ್ಲದಂತೆ ಹಗ್ಗ ಕಟ್ಟಿ, ಮರ ಕಡಿಯುವ ಕಸುಬಿನವರನ್ನು ಕರೆಸಿ. ಪೂರ್ತಿ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಬೇಕಾಗುತ್ತದೆ, ಸ್ವಂತ ಜಾಗದಲ್ಲಿದ್ದರೂ.

“ಮೋರಿ ಕಟಗೊಂಡೇತಿ, ಗ್ವಾಡಿ ಬಿರಕ ಬಿಟ್ಟೇತಿ”

ಗಿಡ ಚೆನ್ನಾಗಿಯೇ ಇದೆ, ಕೆಟ್ಟದ್ದು ಮನೆ. ವಿಲ್ಲೋ ಬೇರು ನೀರಿನ ತೇವ ಹಿಡಿದು ಹೋಗಿ ಪೈಪಿನ ಸಂದಿಯಲ್ಲಿ ಕೂದಲೆಳೆಯಷ್ಟು ಜಾಗ ಸಿಕ್ಕರೂ ಒಳಗೆ ನುಗ್ಗಿ ಗುಚ್ಛ ಕಟ್ಟುತ್ತದೆ. ಹಳೆಯ ಸಿಮೆಂಟ್ ಪೈಪು, ಇಟ್ಟಿಗೆಯ ಶೌಚಗುಂಡಿ ಇದಕ್ಕೆ ಸುಲಭದ ತುತ್ತು. ಪದೇ ಪದೇ ಮೋರಿ ಕಟ್ಟಿ, ತೆಗೆದಾಗ ಕೆಂಪು-ಕಂದು ಬೇರಿನ ಜಡೆ ಬಂದರೆ ಅನುಮಾನವೇ ಬೇಡ. ಆ ಭಾಗದ ಪೈಪು ಬದಲಿಸಿ, ಅಂಟು ಹಾಕಿ ಜೋಡಿಸಿದ ಪಿವಿಸಿ ಹಾಕಿಸಿ. ಶೌಚಗುಂಡಿಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ವಿಷಾನಿಲಕ್ಕೆ ಕ್ಷಣದಲ್ಲಿ ಜೀವ ಹೋಗುತ್ತದೆ, ಇಳಿಸುವುದು ಮಲಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧವೂ ಹೌದು. ಯಂತ್ರದ ಗಾಡಿಯನ್ನೇ ಕರೆಸಿ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯೂ ಈ ಬೇರಿಗೆ ಲೆಕ್ಕಕ್ಕಿಲ್ಲ. ಹೊಂಡದ ದಂಡೆಗೆ ವಿಲ್ಲೋ ನೆಡಬೇಡಿ.

ಗೋಡೆಯ ಬಿರುಕು ಇನ್ನೂ ಗಂಭೀರ. ಎರಿ ನೆಲ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ತಳಪಾಯದ ಕೆಳಗಿನ ತೇವವನ್ನು ವಿಲ್ಲೋ ಹೀರಿದರೆ ಆ ಬದಿಯ ನೆಲ ಮಾತ್ರ ಹೆಚ್ಚು ಕುಗ್ಗಿ ಗೋಡೆ ಓರೆಯಾಗಿ ಸೀಳುತ್ತದೆ. ಬಿರುಕಿನ ಎರಡೂ ಬದಿ ಪೆನ್ಸಿಲ್ ಗುರುತು ಹಾಕಿ ಅಳತೆ, ತಾರೀಖು ಬರೆದಿಡಿ. ಮೇ ತಿಂಗಳಿಗೆ ಅಗಲವಾಗಿ ಸೆಪ್ಟೆಂಬರ್‌ಗೆ ಕಿರಿದಾದರೆ ನೆಲದ ಚಲನೆ. ಬಿರುಕು 5 ಮಿಲಿಮೀಟರ್ ಮೀರಿದರೆ, ಬಾಗಿಲು-ಕಿಟಕಿ ಬಿಗಿಯಾದರೆ ಸಿವಿಲ್ ಎಂಜಿನಿಯರಿಗೆ ತೋರಿಸಿ. ಸಿಟ್ಟಿಗೆ ಒಮ್ಮೆಲೇ ಗಿಡ ಕಡಿದರೆ, ಅಷ್ಟು ವರ್ಷ ಒಣಗಿದ್ದ ನೆಲ ನೀರು ಕುಡಿದು ಉಬ್ಬಿ ಇನ್ನೊಂದು ದಿಕ್ಕಿಗೆ ಬಿರುಕು ಬರಬಹುದು. ಕಡಿಯುವುದೂ ಅವರ ಸಲಹೆಯಂತೆಯೇ ಆಗಲಿ. ಎರಿಯಲ್ಲಿ ಮನೆ, ಬಾವಿ, ಶೌಚಗುಂಡಿಯಿಂದ ಕನಿಷ್ಠ 20 ಮೀಟರ್ ದೂರ ಇಲ್ಲದಿದ್ದರೆ ವಿಲ್ಲೋ ನೆಡಲೇಬಾರದು. ಮೂವತ್ತು-ನಲವತ್ತರ ಸೈಟಿನಲ್ಲಿ ಇಷ್ಟು ಜಾಗ ಸಿಗುವುದಿಲ್ಲ, ಅಲ್ಲಿಗೆ ಮಾತು ಮುಗಿಯಿತು. ಜೋತುಬೀಳುವ ಚೆಲುವೇ ಬೇಕಿದ್ದರೆ ಬಾಟಲ್ ಬ್ರಶ್, ನೆರಳು ಬೇಕಿದ್ದರೆ ಬೇವು ಅಥವಾ ಹೊಂಗೆ.

ಗಿಡ ಉಳಿಯದು ಅನಿಸಿದಾಗ

ಬುಡ ಕೊಳೆತಿದ್ದರೂ ಮೇಲೆ ಒಂದು ಟೊಂಗೆ ಹಸಿರಿದ್ದರೆ ಅದೇ ಗಿಡವನ್ನು ಹೊಸದಾಗಿ ಎಬ್ಬಿಸಬಹುದು. ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ, ಚಿಗುರುವ ಮುಂಚೆ, ರೋಗದ ಮಚ್ಚೆ ಇಲ್ಲದ, ವರ್ಷದೊಳಗಿನ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ಎಂಟು-ಹತ್ತು ಇಂಚಿಗೊಂದು ತುಂಡು ಮಾಡಿ. ಬುಡದ ಕಡೆ ಓರೆ, ತುದಿಯ ಕಡೆ ನೇರ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ಗೊಂದಲ ಇರದು. ಬೇರು ಬರಿಸುವ ಪುಡಿಯ ಅಗತ್ಯವಿಲ್ಲ. ಅರ್ಧ ಮಸಾರಿ ಮಣ್ಣು, ಕಾಲು ಉಸುಕು, ಕಾಲು ಗೊಬ್ಬರ ತುಂಬಿದ ಚೀಲದಲ್ಲಿ ಮೂರನೇ ಎರಡು ಭಾಗ ಒಳಗೆ ಹೋಗುವಂತೆ ಊರಿ, ನೆರಳಿನಲ್ಲಿಟ್ಟು, ಟಿಡಿಎಸ್ 450ರೊಳಗಿನ ನೀರು ಹಾಕಿ. ನಾಲ್ಕು ಕಡ್ಡಿ ಊರಿದರೆ ಎರಡಂತೂ ಹಿಡಿಯುತ್ತವೆ. ಮೊದಲ ಬೇಸಿಗೆ ಚೀಲದಲ್ಲೇ ಕಳೆಯಲಿ. ಆರಿದ್ರಾ ಮಳೆ ಬಿದ್ದ ಮೇಲೆ ದಿಬ್ಬಕ್ಕೆ ಇಳಿಸಿ, ಹಳೆಯ ಗಿಡ ಸತ್ತ ತೆಗ್ಗಿಗೆ ಮಾತ್ರ ಬೇಡ.